ಗ್ರೇಸಿ ಕೇಳಿದ್ದಕ್ಕೆ: ಅಮ್ಮ ಮಸಾಡ ಹತ್ತಬಹುದಾ?

ಹಲೋ... ಕೇಳ್ತದಾ? ಗ್ರೇಸಿ, ನಾನು ಅತ್ತೆ. ನೀನು ಹಾಕಿದ್ದು ಓದಿದೆ. ಸಭೆಯವರ ಸಂಗಡ ಆಗಸ್ಟಿನಲ್ಲಿ ಪವಿತ್ರ ನಾಡಿಗೆ ಹೋಗುವುದು, ಪಟ್ಟಿಯಲ್ಲಿ ಮಸಾಡ ಉಂಟು, ಆ ಹಳೇ ಕೋಟೆಯ ಬೆಟ್ಟ, ಸೂರ್ಯೋದಯ ನೋಡ್ಲಿಕ್ಕೆ ನಡೆದೇ ಹತ್ತಬೇಕಂತೆ, ಅಮ್ಮನಿಗೆ ಆಗ್ತದಾ ಅಂತ. ಆಗಸ್ಟಿನಲ್ಲಿ! ಯಾರು ಮಾರಾಯ್ತಿ ಈ ಪಟ್ಟಿ ಮಾಡಿದ್ದು?

ನೀರಿಲ್ಲದೆ ಆ ಬೆಟ್ಟದ ಬುಡಕ್ಕೂ ಹೋಗ್ಬೇಡಿ. ಮೊದಲು ಅದು ಹೇಳಿಬಿಡ್ತೇನೆ. ನನ್ನ ಕತೆ ಗೊತ್ತುಂಟಲ್ಲ, ಇಸ್ರೇಲಿನಲ್ಲಿ ಸಾವ್ತಾನನ್ನು, ಅಂದ್ರೆ ಅವರ ಭಾಷೆಯಲ್ಲಿ ಅಜ್ಜಿ, ನೋಡಿಕೊಳ್ಳುವ ಕೆಲಸಕ್ಕಿದ್ದಾಗ ರಜೆಯ ದಿನ ಹೋದದ್ದು. ಕೆಳಗಿಂದ ನೋಡಿದ್ರೆ ನಮ್ಮ ಕಾರ್ಕಳದ ಗೊಮ್ಮಟನ ಬೆಟ್ಟದ ಹಾಗೆ, ಎಂಥ ಮಹಾ ಅಂತ ಅನ್ನಿಸ್ತದೆ. ಕೈಯಲ್ಲಿ ಅರ್ಧ ಬಾಟ್ಲಿ ನೀರು, ಕಾಲಿಗೆ ಹವಾಯಿ ಚಪ್ಪಲಿ. ಹಾವಿನ ದಾರಿ ಅಂತ ಹತ್ತುವ ಕಾಲುದಾರಿ ಉಂಟು, ಅದು ಹಿಡಿಯುವಾಗ ಬೆಳಿಗ್ಗೆ ಒಂಬತ್ತು ದಾಟಿತ್ತು. ಸುತ್ತಿ ಸುತ್ತಿ 350 ಮೀಟರ್ ಮೇಲೆ, ನೆರಳಿಗೆ ಒಂದು ಮರ ಇಲ್ಲ. ಅರ್ಧಕ್ಕೆ ಬೆವರೇ ನಿಂತಿತು. ಬೆವರು ನಿಂತ್ರೆ ಹೆದರಬೇಕು ಅಂತ ನಮಗೆ ಕೆಲಸದಲ್ಲೇ ಕಲಿಸಿದ್ದು, ನನಗೇ ಆಗುವಾಗ ತಿಳಿಯಲಿಲ್ಲ. ಕಣ್ಣು ಕತ್ತಲೆ ಬಂದು ಕಲ್ಲಿನ ಮೇಲೆ ಕೂತೆ. ಯಾರೋ ಸೈನ್ಯದ ಹುಡುಗರು ತಲೆಗೆ ನೀರು ಸುರಿದು ಕೆಳಗೆ ಕರ್ಕೊಂಡು ಬಂದ್ರು.

ಮನೆಗೆ ಬಂದ್ರೆ ಸಾವ್ತಾ ಬೈದದ್ದೇ ಬೈದದ್ದು. ರೋಮಿನ ಸೈನ್ಯವೇ ನೀರಿನ ಏರ್ಪಾಡಿಲ್ಲದೆ ಅಲ್ಲಿಗೆ ಬರಲಿಲ್ಲ, ನೀನು ಯಾವ ದೊಡ್ಡವಳು ಅಂತ. ಮತ್ತೆ ರಾತ್ರಿ ಕೂತು ಅವರೇ ಕತೆ ಹೇಳಿದ್ರು. ಕ್ರಿಸ್ತ ಶಕ 66ರಲ್ಲಿ ಯೆಹೂದ್ಯರು ರೋಮಿನ ಮೇಲೆ ತಿರುಗಿ ಬಿದ್ದದ್ದು, 70ರಲ್ಲಿ ಯೆರೂಸಲೇಮಿನ ದೇವಾಲಯ ಸುಟ್ಟದ್ದು ಸಂಡೇ ಸ್ಕೂಲಿನಲ್ಲಿ ಕೇಳಿದ್ದೀರಿ. ತಿರುಗಿ ಬಿದ್ದವರ ಕೈಯಲ್ಲಿದ್ದ ಮಸಾಡ ಕೋಟೆ ಅದಾದ ಮೇಲೂ ಮೂರ್ನಾಲ್ಕು ವರ್ಷ ಬೀಳಲಿಲ್ಲ. ಯಾಕೆ? ನೀರು! ಹೆರೋದ ಅರಸ, ನಮ್ಮ ಬೈಬಲಿನ ಅದೇ ಹೆರೋದ, ಬಂಡೆಯೊಳಗೆ ದೊಡ್ಡ ದೊಡ್ಡ ಟ್ಯಾಂಕಿ ಕೊರೆಸಿದ್ದ. ಯಾವಾಗಲೋ ಬರುವ ಮಳೆಯ ಪ್ರವಾಹ ತಿರುಗಿಸಿ ಅದಕ್ಕೆ ತುಂಬಿಸುವುದು. ಕೆಳಗೆ ಸಿಲ್ವ ಅಂತ ರೋಮಿನ ದಂಡನಾಯಕ ಎಂಟು ಪಾಳೆಯ ಹಾಕಿ, ಬೆಟ್ಟಕ್ಕೇ ಸುತ್ತ ಗೋಡೆ ಕಟ್ಟಿ ಕೂತಿದ್ದ. ಅವನ ಜನಕ್ಕೆ ಅಲ್ಲಿ ಹನಿ ನೀರಿಲ್ಲ, ದೂರದಿಂದ ಹೊತ್ತು ತರಬೇಕು. ಹೊರಿಸಿದ್ದು ಯಾರಿಂದ? ಯೆಹೂದ್ಯರಿಂದಲೇ! ಅದು ಹೇಳುವಾಗ ಸಾವ್ತಾನ ದನಿ ಹೋಗ್ತಿತ್ತು.

ಕಡೆಗೆ ಪಶ್ಚಿಮದ ಬದಿಗೆ ಕಲ್ಲು ಮಣ್ಣಿನ ಇಳಿಜಾರು ಕಟ್ಟಿ ಮೇಲಿನ ಗೋಡೆ ಒಡೆದ್ರು. ಒಳಗೆ ಬಂದ್ರೆ 960 ಜನ ಸತ್ತು ಬಿದ್ದಿದ್ದಾರೆ, ಅವರ ನಾಯಕ ಎಲ್ಲಾಜಾರ ಹೇಳಿದ ಮೇಲೆ ತಾವೇ ಒಬ್ಬರನ್ನೊಬ್ಬರು ಕೊಂದದ್ದು ಅಂತ ಆ ಕಾಲದ ಯೆಹೂದ್ಯ ಚರಿತ್ರೆಕಾರ ಯೋಸೇಫಸ್ ಬರೆದದ್ದು. ಪಂಡಿತರಿಗೆ ಅದರ ಮೇಲೆ ಇನ್ನೂ ಜಗಳ ಉಂಟು. ಅದೇ ಕೋಟೆಯವರು ಹತ್ತಿರದ ಏಂಗೆದಿ ಊರಿಗೆ ನುಗ್ಗಿ ತಮ್ಮದೇ ಜನರ ಹೆಂಗಸರು ಮಕ್ಕಳು 700ಕ್ಕೂ ಮೇಲೆ ಕೊಂದದ್ದನ್ನೂ ಅವನೇ ಬರೆದಿದ್ದಾನೆ, ಗೈಡು ಹೇಳಿದ್ರೆ ಹೇಳಿದ. ಬದುಕಿದ್ದು ಇಬ್ಬರು ಹೆಂಗಸರು, ಐದು ಮಕ್ಕಳು. ಎಲ್ಲಿ ಅಡಗಿದ್ದು? ನೀರಿನ ಕಾಲುವೆಯಲ್ಲಿ! ಒಬ್ಬಳು ಮುದುಕಿ. ಎಲ್ಲಾಜಾರ ಎಂಥ ಹೇಳಿದ ಅಂತ ಹೇಳ್ಲಿಕ್ಕೆ ಉಳಿದದ್ದೇ ಆ ಹೆಂಗಸರು.

ಮುದುಕಿ ಅಂದದ್ದಕ್ಕೆ ನೆನಪಾಯ್ತು. ಮೊನ್ನೆ ಮದುವೆಮನೆಯಲ್ಲಿ ಒಬ್ಬರು, ಹೆಸರು ಬೇಡ, "ಇಸ್ರೇಲಿನಲ್ಲಿ ಮುದುಕಿಯರ ಮೈ ತೊಳೆದ ದುಡ್ಡು" ಅಂದ್ರಂತೆ. ತೊಳೆದೆ. ಹನ್ನೊಂದು ವರ್ಷ ತೊಳೆದೆ. ಅವರು ಮಲಗುವ ಕೋಣೆಗೆ ತಾರಸಿ ಯಾವ ದುಡ್ಡಲ್ಲಿ ಬಂತು ಅಂತ ಒಮ್ಮೆ ಕೇಳಿ ನೋಡಿ. ಸಾವ್ತಾ ತೀರಿಕೊಂಡಾಗ ನಾನು ಅತ್ತದ್ದಕ್ಕೂ ಇಲ್ಲಿ ನಕ್ಕವರಿದ್ದಾರೆ. ಇರ್ಲಿ.

ಎಂಥ ಹೇಳ್ಲಿಕ್ಕೆ ಹೊರಟದ್ದು... ಹಾಂ, ನೀರು. ನೀರಿಲ್ಲದೆ ಹೋಗ್ಬೇಡಿ, ಅರ್ಧ ಬಾಟ್ಲಿ ಅಲ್ಲ, ಒಬ್ಬೊಬ್ಬರಿಗೆ ಮೂರು ಲೀಟರ್. ಮತ್ತೆ ಅಮ್ಮನ ಮೊಣಕಾಲು. ಅಯ್ಯೋ, ಅದನ್ನೇ ಕೇಳಿದ್ದಲ್ವಾ ನೀನು! ಅಲ್ಲಿ ಕೇಬಲ್ ಕಾರ್ ಉಂಟು ಮಗಾ, ಲವಣ ಸಮುದ್ರದ ಬದಿಯಿಂದ. ಸೂರ್ಯೋದಯಕ್ಕೆ ಅದು ಓಡುವುದಿಲ್ಲ, ಆಮೇಲೆ ಶುರು. ನಡೆಯುವವರು ಕತ್ತಲಲ್ಲಿ ನಡೀಲಿ, ಸೆಕೆ ತುಂಬಾ ಇದ್ರೆ ಹಾವಿನ ದಾರಿಯನ್ನೇ ಮುಚ್ತಾರೆ. ಅಮ್ಮ ಕೆಳಗೆ ನೆರಳಲ್ಲಿ ಕೂತು ಮೊದಲ ಕಾರಿಗೆ ಬರ್ಲಿ, ನೀನೂ ಜೊತೆಗಿರು. ಟಿಕೆಟ್ ಹೋಗ್ಲಿಕ್ಕೂ ಬರ್ಲಿಕ್ಕೂ ಎರಡಕ್ಕೂ ತೆಗೊಳ್ಳಿ, ಹಣ ಉಳಿಸ್ಲಿಕ್ಕೆ ಹೋಗ್ಬೇಡಿ. ಮೊಣಕಾಲು ಹೋಗುವುದು ಇಳಿಯುವಾಗ.