ಅಪ್‌ಡೇಟ್: ಉಡುಪಿಯಿಂದ ಕಾಸರಗೋಡಿಗೆ ದಿಬ್ಬಣದ ಬಸ್ಸು, ಬಾಡಿಗೆಯ ವ್ಯತ್ಯಾಸಕ್ಕೆ ಕಾರಣ

ಮದುವೆಯ ದಿಬ್ಬಣಕ್ಕೆ ಉಡುಪಿಯಿಂದ ಕಾಸರಗೋಡಿಗೆ ಹೋಗಿಬರಲು ವಿಚಾರಿಸಿದಾಗ ಒಬ್ಬೊಬ್ಬ ಮಾಲೀಕರು ಒಂದೊಂದು ದರ ಹೇಳುತ್ತಿರುವುದೇಕೆ ಎಂದು ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಈಗ ಬಸ್ಸು ನಿಗದಿಯಾಗಿದೆ.

ಮುಖ್ಯ ವ್ಯತ್ಯಾಸವಿದ್ದದ್ದು ಕಿಲೋಮೀಟರ್ ಲೆಕ್ಕದಲ್ಲಿ. ನಾವು ಹತ್ತುವ ಜಾಗದಿಂದಲ್ಲ, ಬಸ್ಸು ತನ್ನ ಶೆಡ್ಡಿನಿಂದ ಹೊರಟು ಮರಳಿ ಅಲ್ಲಿಗೇ ಸೇರುವವರೆಗಿನ ದೂರವನ್ನು ಎಣಿಸುತ್ತಾರೆ. ಅದರ ಮೇಲೆ ದಿನಕ್ಕೆ ಕನಿಷ್ಠ ಇಷ್ಟು ಕಿಲೋಮೀಟರ್ ಎಂಬ ನಿಯಮವಿರುವುದರಿಂದ, ಓಡಿದ್ದು ಕಡಿಮೆಯಾದರೂ ಆ ಕನಿಷ್ಠದ ಹಣವನ್ನು ಕೊಡಲೇಬೇಕಾಗುತ್ತದೆ. ಆದ್ದರಿಂದ ಕಿಲೋಮೀಟರ್ ದರ ಅಗ್ಗವಿದ್ದರೂ ದೂರದ ಶೆಡ್ಡಿನಿಂದ ಬರಬೇಕಾದ ಮಂಗಳೂರಿನ ಬಸ್ಸಿಗಿಂತ ಉಡುಪಿಯದ್ದೇ ನಮಗೆ ಒಟ್ಟಿನಲ್ಲಿ ಕಡಿಮೆಗೆ ಬಂತು.

ಎರಡನೆಯದು ಗಡಿ. ಬಸ್ಸಿಗೆ ಅಖಿಲ ಭಾರತ ಪ್ರವಾಸಿ ಪರವಾನಗಿ ಇದೆಯೇ ಎಂಬುದರ ಮೇಲೆ ಕೇರಳ ಪ್ರವೇಶದ ಖರ್ಚು ಅವಲಂಬಿಸಿರುವುದರಿಂದ, ಅದನ್ನು ಮೊದಲೇ ಕೇಳುವುದು ಅತ್ಯಗತ್ಯವೆಂದು ನನ್ನ ದೃಢ ಅಭಿಪ್ರಾಯ. ಹೆಜಮಾಡಿ ಮತ್ತು ತಲಪಾಡಿಯ ಟೋಲ್, ಚಾಲಕರ ಭತ್ಯೆ, ಪಾರ್ಕಿಂಗ್ ಶುಲ್ಕ ಒಳಗೊಂಡಿವೆಯೇ ಎಂಬುದನ್ನೂ ಬರಹದಲ್ಲಿ ಪಡೆದಿದ್ದೇವೆ.

ಎ.ಸಿ. ಮತ್ತು ಸೀಟುಗಳ ಸಂಖ್ಯೆಯಿಂದ ದರ ಏರುವುದು ಸಹಜ. ಮುಹೂರ್ತಗಳು ಒತ್ತಾಗಿರುವ ಏಪ್ರಿಲ್–ಮೇ ತಿಂಗಳಲ್ಲಿ ಚೌಕಾಸಿಗೆ ಅವಕಾಶವೇ ಕಡಿಮೆ. ಮದುವೆಗಳಿಲ್ಲದ ಆಟಿಯಲ್ಲಿ (ಜುಲೈ–ಆಗಸ್ಟ್ ಹೊತ್ತಿಗೆ ಬರುವ ತುಳು ತಿಂಗಳು) ಪ್ರವಾಸ ಹೊರಡುವವರು ಧೈರ್ಯವಾಗಿ ದರ ಇಳಿಸಲು ಕೇಳಬಹುದು.