ಗಿಟ್ ಮತ್ತು ಸಬ್‌ವರ್ಷನ್ ನಡುವಿನ ‘ಬ್ರಿಡ್ಜ್’: ಸೇತುವೆಯೋ, ಸಂಕವೋ, ದುಭಾಷಿಯೋ?

ಎಲ್ಲರಿಗೂ ನಮಸ್ಕಾರ.

ನಾನು ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ. ಊರು ಶಿರಸಿ ಕಡೆ. ಹೋದ ತಿಂಗಳು ಒಂದು ಓಪನ್ ಸೋರ್ಸ್ ಕೆಲಸಕ್ಕೆ ಸೇರಿಕೊಂಡೆ. ಗಿಟ್, ಸಬ್‌ವರ್ಷನ್ ಎರಡೂ ಕೋಡಿನಲ್ಲಿ ಯಾರು ಯಾವಾಗ ಏನು ಬದಲಾಯಿಸಿದರು ಅಂತ ಬರೆದಿಡುವ ತಂತ್ರಾಂಶಗಳು. ಸಬ್‌ವರ್ಷನ್‌ನಲ್ಲಿ ಕೂತಿರುವ ಕೋಡನ್ನು ಗಿಟ್‌ನಿಂದಲೇ ಓದಿ ಬರೆಯಲು ಅನುವು ಮಾಡಿಕೊಡುವ ಪುಟ್ಟ ಪ್ರೋಗ್ರಾಮ್ ಅದು. ಕೈಪಿಡಿಯನ್ನು ಕನ್ನಡದಲ್ಲೂ ಬರೆಯುತ್ತೇನೆ ಅಂತ ನಾನೇ ಮುಂದೆ ಬಿದ್ದು ಒಪ್ಪಿಕೊಂಡೆ. ಈಗ ಮೊದಲ ಸಾಲಿನಲ್ಲೇ ಸಿಕ್ಕಿಬಿದ್ದಿದ್ದೇನೆ. ‘ಇದು ಗಿಟ್ ಮತ್ತು ಸಬ್‌ವರ್ಷನ್ ನಡುವಿನ ಬ್ರಿಡ್ಜ್’ ಅನ್ನುವ ಸಾಲು. ಈ ಬ್ರಿಡ್ಜ್‌ಗೆ ಏನನ್ನೋಣ?

ಸೇತುವೆ ಅಂದರೆ ಎಲ್ಲರಿಗೂ ತಿಳಿಯುತ್ತದೆ, ನಿಜ. ಆದರೆ ಈ ದಡದಲ್ಲಿ ಸೇತುವೆ ಹತ್ತಿದ ಎಮ್ಮೆ ಆ ದಡದಲ್ಲಿ ಎಮ್ಮೆಯಾಗಿಯೇ ಇಳಿಯುತ್ತದೆ. ಇಲ್ಲಿ ಹಾಗಲ್ಲ, ದಾಟುವಾಗ ಮಾಲೇ ಬದಲಾಗುತ್ತದೆ.

ನಮ್ಮಜ್ಜ ಅಡಿಕೆ ವಖಾರಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಅವರ ಕಿರ್ದಿ ಪುಸ್ತಕ ನೆನೆಸಿಕೊಂಡರೆ ನನಗೆ ಇದು ಸುಲಭವಾಗಿ ತಲೆಗೆ ಹೋಗುತ್ತದೆ. ಸಬ್‌ವರ್ಷನ್ ಅಂದರೆ ವಖಾರಿಯ ಒಂದೇ ಕಿರ್ದಿ. ಯಾರು ಏನು ಬರೆದರೂ ಅದೇ ಪುಸ್ತಕಕ್ಕೆ, 1, 2, 3 ಅಂತ ಸಾಲಾಗಿ ನಂಬರು. ಗಿಟ್‌ನಲ್ಲಿ ಪ್ರತಿಯೊಬ್ಬರ ಮನೆಯಲ್ಲೂ ಪೂರ್ತಿ ಕಿರ್ದಿ ಇರುತ್ತದೆ. ಐವತ್ತು ಜನ ಐವತ್ತು ಕಡೆ ಕೂತು ಬರೆಯುವಾಗ ಮುಂದಿನ ನಂಬರು ಯಾರದ್ದು ಅಂತ ಹೇಳುವವರು ಯಾರು? ಅದಕ್ಕೇ ಅಲ್ಲಿ ನಂಬರು ಇಲ್ಲ. ಒಳಗಿರುವ ವಿಷಯದಿಂದಲೇ ಲೆಕ್ಕ ಹಾಕಿದ 40 ಅಕ್ಷರಗಳ ಗುರುತು ಇರುತ್ತದೆ. ಒಂದು ಚುಕ್ಕಿ ಬದಲಾದರೂ ಗುರುತು ಬೇರೆಯಾಗುತ್ತದೆ. ಈ ಹ್ಯಾಶ್‌ಗೆ ನಾನು ‘ಹೆಬ್ಬೆಟ್ಟು’ ಅಂತ ಬರೆದೆ. ಹೆಬ್ಬೆಟ್ಟು ಅಂದರೆ ಓದು ಬಾರದವರು ಅನ್ನುವ ವಾಸನೆ ಬರುತ್ತದಲ್ಲೇ ಅಂತ ಗೆಳತಿ ಮೂತಿ ತಿರುವಿದಳು. ನನಗಂತೂ ಇಷ್ಟವಾಗಿದೆ.

ನಂಬರಿನ ಕಥೆ ಹೀಗಾಯಿತು. ಇನ್ನು ಹೆಸರು. ಸಬ್‌ವರ್ಷನ್ ಬರೆದವರ ಲಾಗಿನ್ ಹೆಸರನ್ನಷ್ಟೇ ಇಟ್ಟುಕೊಳ್ಳುತ್ತದೆ. ಗಿಟ್‌ಗೆ ಪೂರ್ತಿ ಹೆಸರು ಬೇಕು, ಇಮೇಲ್ ಬೇಕು. ಯಾರು ಯಾರು ಅಂತ ನಾವೇ ಒಂದು ಪಟ್ಟಿ ಬರೆದು ಕೊಡಬೇಕು. ಸಬ್‌ವರ್ಷನ್ ಖಾಲಿ ಫೋಲ್ಡರನ್ನೂ ಲೆಕ್ಕಕ್ಕೆ ಹಿಡಿಯುತ್ತದೆ, ಗಿಟ್ ಅದನ್ನು ಕಂಡೇ ಇಲ್ಲ ಅನ್ನುತ್ತದೆ. ಇಂಥದ್ದೇ ಬ್ರಿಡ್ಜ್ ಆದ, ಪರ್ಲ್ ಭಾಷೆಯಲ್ಲಿ ಬರೆದ ಹಳೆಯ ಗಿಟ್-ಎಸ್‌ವಿಎನ್ ಇನ್ನೊಂದು ಕೆಲಸ ಮಾಡುತ್ತದೆ. ನಾವು ಬೇಡ ಅನ್ನದಿದ್ದರೆ, ಪ್ರತಿ ನಮೂದಿನ ಕೊನೆಗೆ ‘ಇದು ಅಲ್ಲಿಯ ಇಷ್ಟನೇ ನಂಬರಿನಿಂದ ಬಂದದ್ದು’ ಅಂತ ಒಂದು ಸಾಲು ಸೇರಿಸುತ್ತದೆ. ಇದು ಅನುವಾದಕರು ಅಡಿಟಿಪ್ಪಣಿ ಹಾಕುವ ರೀತಿಯೇ ಅಲ್ವಾ?

ಹಾಗಾಗಿ ನನ್ನ ಮನಸ್ಸು ‘ದುಭಾಷಿ’ ಕಡೆ ವಾಲಿದೆ. ನಾನು ಬರೆಯುತ್ತಿರುವ ಭಾಗ ನಡೆದುಕೊಳ್ಳುವುದೂ ಹಾಗೆಯೇ. ಗಿಟ್ ಅದನ್ನು ಎಬ್ಬಿಸಿ ‘ನಿನಗೆ ಏನೇನು ಬರುತ್ತದೆ?’ ಅಂತ ಕೇಳುತ್ತದೆ. ಅದು ಸಾಲಿಗೊಂದರಂತೆ ಹೇಳಿ, ಒಂದು ಖಾಲಿ ಸಾಲು ಬಿಟ್ಟು ಸುಮ್ಮನಾಗುತ್ತದೆ. ಆಮೇಲೆ ‘ಅಲ್ಲಿಯ ಪಟ್ಟಿ ಓದು’, ‘ಇದನ್ನು ತಾ’ ಅಂತ ಮಾತು ಮುಂದುವರಿಯುತ್ತದೆ. ಕಂಪನಿ ಕಾಲದ ಮದರಾಸಿನಲ್ಲಿ ದುಭಾಷಿ ಅಂದರೆ ಬರೀ ಮಾತು ತಿಳಿಸುವವನಲ್ಲ, ವ್ಯಾಪಾರವನ್ನೂ ಕುದುರಿಸುವವನು. ಅದೂ ಇಲ್ಲಿಗೆ ಹೊಂದುತ್ತದೆ. ನಮ್ಮ ಪ್ರೋಗ್ರಾಮ್ ಎರಡೂ ಕಡೆಯವರಿಗೆ ಒಪ್ಪಿಗೆಯಾಗುವಂತೆ ಜಾಸ್ತಿ ಚೌಕಾಸಿ ಮಾಡುತ್ತದೆ.

ಆದರೆ ‘ಸಂಕ’ವನ್ನು ಬಿಡಲು ಮನಸ್ಸಿಲ್ಲ. ನಮ್ಮ ಕಡೆ ಹಳ್ಳಕ್ಕೆ ಅಡಿಕೆ ಮರದ ದಬ್ಬೆ ಹಾಕಿ ಕಟ್ಟುವ ಕಾಲುಸಂಕ ನೋಡಿದವರಿಗೆ ಗೊತ್ತಿರುತ್ತದೆ. ಅದು ಶಾಶ್ವತ ಅಲ್ಲ. ಕೊಳೆಯುತ್ತದೆ, ಕೊಚ್ಚಿಹೋಗುತ್ತದೆ, ಮತ್ತೆ ಹಾಕುತ್ತಾರೆ. ಈ ಕೆಲಸದ ಚರಿತ್ರೆಯೂ ಹಾಗೇ ಇದೆ. ಓಪನ್ ಸೋರ್ಸ್ ಕೆಲಸಕ್ಕೆ ಹೊಸಬರನ್ನು ಸೇರಿಸುವ ಗೂಗಲ್‌ನ ಕಾರ್ಯಕ್ರಮವಾದ 2010ರ ಗೂಗಲ್ ಸಮ್ಮರ್ ಆಫ್ ಕೋಡ್‌ನಲ್ಲಿ ಭಾರತದ ಒಬ್ಬ ವಿದ್ಯಾರ್ಥಿ ಇದೇ ಕೆಲಸಕ್ಕೆ ಕೈ ಹಾಕಿದ್ದ. ದೂರದ ಸಬ್‌ವರ್ಷನ್ ಕಿರ್ದಿಯನ್ನು ಪೂರ್ತಿ ಇಳಿಸಿಕೊಳ್ಳಲು ಅವನು ಶುರುಮಾಡಿದ ಎಸ್‌ವಿಎನ್‌ಆರ್‌ಡಂಪ್ ಅನ್ನುವ ಸಾಧನ 2011ರಲ್ಲಿ ಸಬ್‌ವರ್ಷನ್ 1.7ರ ಜೊತೆಗೇ ಬಂತು. ಗಿಟ್ ಕಡೆ ಹಾಕಿದ ದಬ್ಬೆಗಳು ಮಾತ್ರ ಅರ್ಧಕ್ಕೇ ನಿಂತವು. 2020ರಲ್ಲಿ ಅವನ್ನು ಗಿಟ್‌ನಿಂದ ತೆಗೆದೇ ಹಾಕಿದರು. ಆ ದಡದ ಕಂಬ ಉಳಿಯಿತು, ಈ ದಡದ್ದು ಹೋಯಿತು. ಇದನ್ನು ಸೇತುವೆ ಅಂತ ಕರೆಯಲು ನನಗೆ ಬಾಯಿ ಬರುತ್ತಿಲ್ಲ.

ಇನ್ನೊಂದು ತೊಡಕು ‘ಬ್ರಾಂಚ್’, ಅಂದರೆ ಮುಖ್ಯ ಕೋಡಿನಿಂದ ಬೇರೆಯಾಗಿ ಸಾಗುವ ಕೆಲಸದ ದಾರಿ. ಶಾಖೆ ಅಂದರೆ ನನಗೆ ಬ್ಯಾಂಕು ಕಾಣಿಸುತ್ತದೆ. ಕೊಂಬೆ ಅನ್ನೋಣ ಅಂದರೆ, ಮರದ ಕೊಂಬೆ ಒಮ್ಮೆ ಅಗಲಿದ ಮೇಲೆ ತಿರುಗಿ ಬಂದು ಕೂಡುವುದಿಲ್ಲ. ಕೋಡಿನ ಬ್ರಾಂಚ್ ಕೂಡುತ್ತದೆ. ಶ್ರೀರಂಗಪಟ್ಟಣದಲ್ಲಿ ಕಾವೇರಿ ಎರಡು ಕವಲಾಗಿ ಊರನ್ನು ಬಳಸಿ ಸಂಗಮದಲ್ಲಿ ಮತ್ತೆ ಒಂದಾಗುತ್ತದಲ್ಲ, ಅದೇ ಸರಿಯಾದ ಚಿತ್ರ. ಹಾಗಾಗಿ ಬ್ರಾಂಚ್‌ಗೆ ‘ಕವಲು’, ಮರ್ಜ್‌ಗೆ ‘ಕೂಡಿಕೆ’ ಅಂತ ಇಟ್ಟಿದ್ದೇನೆ. ವಿಲೀನ ಅಂದರೆ ಒಂದು ಇನ್ನೊಂದರಲ್ಲಿ ಕರಗಿ ಕಾಣೆಯಾದ ಹಾಗೆ. ಇಲ್ಲಿ ಎರಡು ಕವಲಿನ ಗುರುತೂ ಉಳಿಯುತ್ತದೆ.

ಕಷ್ಟ ಏನೆಂದರೆ, ಸಬ್‌ವರ್ಷನ್‌ನವರು ಮೊದಲಿನಿಂದ ಮರವನ್ನೇ ಹಿಡಿದಿದ್ದಾರೆ. ಮುಖ್ಯ ಫೋಲ್ಡರಿಗೆ ‘ಟ್ರಂಕ್’ ಅಂತ ಹೆಸರು. ಕವಲು ಅಂದರೂ ಅಲ್ಲಿ ಒಂದು ಫೋಲ್ಡರಿನ ನಕಲು, ಅಷ್ಟೇ. ಗಿಟ್‌ನಲ್ಲಿ ಕವಲು ಅಂದರೆ ಒಂದು ಹೆಬ್ಬೆಟ್ಟನ್ನು ಬರೆದಿಟ್ಟ ಚೀಟಿ. ಒಂದು ಕಡೆ ಮರ, ಒಂದು ಕಡೆ ಹೊಳೆ ಇಟ್ಟುಕೊಂಡು ಹೇಗೆ ಬರೆಯಲಿ? ಟ್ರಂಕ್‌ಗೆ ‘ಕಾಂಡ’ ಅಂದುಬಿಟ್ಟರೆ ರಾಮಾಯಣ ಶುರುವಾಗುತ್ತದೆ. ‘ಬೊಡ್ಡೆ’ ಅಂತ ಬರೆದು ನೋಡಿದೆ, ಸ್ವಲ್ಪ ನಗು ಬಂತು.

ಮಾಡಿದ ಬದಲಾವಣೆಯನ್ನು ದಾಖಲಿಸುವ ‘ಕಮಿಟ್’ಗೆ ನಿಘಂಟು ನೋಡಿದರೆ ಬದ್ಧವಾಗು, ಒಪ್ಪಿಸು, ಎಸಗು ಅಂತೆಲ್ಲ ಇದೆ. ‘ನಿನ್ನೆ ಎರಡು ಕೋಡ್ ಎಸಗಿದೆ’ ಅಂದರೆ ಪೊಲೀಸರು ಬರಬಹುದು. ಕ್ರಿಯಾಪದಕ್ಕೆ ‘ಕಿರ್ದಿಗೆ ಏರಿಸು’, ನಾಮಪದಕ್ಕೆ ‘ನಮೂದು’ ಅಂತ ಸದ್ಯಕ್ಕೆ ಇಟ್ಟುಕೊಂಡಿದ್ದೇನೆ.

ಈಗ ನನ್ನ ಪ್ರಶ್ನೆಗಳು. ದುಭಾಷಿ ಅನ್ನುವುದನ್ನು ಮನುಷ್ಯರಲ್ಲದ್ದಕ್ಕೆ ಬಳಸಿದರೆ ಕಿವಿಗೆ ಒರಟಾಗುತ್ತದಾ? ಇಡೀ ಏರ್ಪಾಟಿಗೆ ‘ಸಂಕ’, ಒಳಗೆ ಮಾತಾಡುವ ಪ್ರೋಗ್ರಾಮಿಗೆ ‘ದುಭಾಷಿ’ ಅಂತ ಎರಡನ್ನೂ ಇಟ್ಟುಕೊಂಡರೆ ಓದುವವರಿಗೆ ಗೊಂದಲವೇ? ಬಯಲುಸೀಮೆಯವರಿಗೆ ಸಂಕ ಅಂದರೆ ತಿಳಿಯುತ್ತದಾ, ಅಥವಾ ನಿಮ್ಮ ಕಡೆ ಹಳ್ಳ ದಾಟುವ ಮರದ ದಾರಿಗೆ ಬೇರೆ ಮಾತಿದೆಯಾ? ಧಾರವಾಡ, ಕಲಬುರಗಿ ಕಡೆಯವರು ದಯವಿಟ್ಟು ಹೇಳಿ. ಮತ್ತೆ ಇದೊಂದು ಸಣ್ಣದು: ನಮ್ಮಜ್ಜ ‘ಕಿರ್ದಿ’ ಅಂತಲೇ ಬರೆಯುತ್ತಿದ್ದರು. ಕೆಲವು ಹಳೆಯ ಪುಸ್ತಕಗಳ ರಟ್ಟಿನ ಮೇಲೆ ‘ಖಿರ್ದಿ’ ಅಂತ ಇದೆ. ಕೈಪಿಡಿಯಲ್ಲಿ ಯಾವುದನ್ನು ಇಟ್ಟುಕೊಳ್ಳಲಿ?