ದೊಡ್ಡಮ್ಮ ಕಳಿಸಿದ ಬ್ಲೇಡ್ ವಿಡಿಯೋ, ಫ್ಯಾಮಿಲಿ ಗ್ರೂಪ್‌ನಲ್ಲಿ ಜಟಾಪಟಿ

ದೊಡ್ಡಮ್ಮ: (ಫಾರ್ವರ್ಡ್ ವಿಡಿಯೋ) ಗ್ಲಾಸ್ ಒಲೆ ಮೇಲಿನ ಕರಕಲು ಬ್ಲೇಡಲ್ಲಿ ಕೆರೆದ್ರೆ ಕ್ಷಣದಲ್ಲಿ ಮಾಯ, ಎಲ್ರೂ ನೋಡಿ 🙏

ಅತ್ತಿಗೆ: ಅಯ್ಯೋ ಅತ್ತೆ ಬ್ಲೇಡಾ!! ಸ್ಟೀಲ್ ನಾರು ಕೂಡ ಹಾಕ್ಬೇಡಿ ಅಂತ ಒಲೆ ಜೊತೆ ಕೊಟ್ಟ ಪುಸ್ತಕದಲ್ಲೇ ಇದೆ

ಚಿಕ್ಕಪ್ಪ: ಪುಸ್ತಕ ಯಾರಮ್ಮ ಓದ್ತಾರೆ. ನಮ್ಮನೇಲಿ ಬ್ಲೇಡೇ ಹಾಕೋದು, ಏನೂ ಆಗಿಲ್ಲ

ಚಿಕ್ಕಮ್ಮ: ಏನೂ ಆಗಿಲ್ವಂತೆ. ಬೂದು ಗೆರೆ ಬಂದು ಕೂತಿರೋದು ನೋಡಿ (ಫೋಟೋ)

ನಾನು: ಚಿಕ್ಕಮ್ಮ ಆ ಗೆರೆ ಉಗುರಿಗೆ ಸಿಗುತ್ತಾ? ಸಿಗದಿದ್ರೆ ಗೀರಲ್ಲ, ಅಲ್ಯೂಮಿನಿಯಂ ಪಾತ್ರೆ ಎಳೆದಾಡಿದ್ದಕ್ಕೆ ಲೋಹ ಅಂಟಿರೋದು, ಸೆರಾಮಿಕ್ ಕ್ಲೀನಿಂಗ್ ಕ್ರೀಮ್ ಹಚ್ಚಿ ತಿಕ್ಕಿದ್ರೆ ಹೋಗುತ್ತೆ. ಅದಿರ್ಲಿ, ವಿಡಿಯೋದಲ್ಲಿ ಬರ್ನರ್ರೇ ಇಲ್ಲ ಯಾರೂ ನೋಡ್ಲಿಲ್ವಾ?? ಅದು ಚಿಕ್ಕಪ್ಪನ ಮನೇದರ ಥರ ಕರೆಂಟ್ ಒಲೆ, ಗ್ಲಾಸ್ ಸೆರಾಮಿಕ್. ದೊಡ್ಡಮ್ಮಂದು ಗ್ಯಾಸ್, ಮೇಲಿರೋದು ಟಫನ್ಡ್ ಗ್ಲಾಸ್, ಅದಕ್ಕೆ ಆಳವಾಗಿ ಗೀರು ಬಿದ್ರೆ ಗಾಜಿನ ಬಲಾನೇ ಹೋಗುತ್ತೆ, ಕಾದಿರೋವಾಗ ತಣ್ಣೀರು ಬಿದ್ರಂತೂ ಪುಡಿ ಪುಡಿ ಆದ್ರೂ ಆಯ್ತು. ಸೆರಾಮಿಕ್ ಬಿಸಿಗೆ ಹಿಗ್ಗೋದು ತುಂಬಾನೇ ಕಮ್ಮಿ ಅದಕ್ಕೆ ತಡ್ಕೊಳ್ಳುತ್ತೆ

ಚಿಕ್ಕಪ್ಪ: ಅಲ್ಲಿಗೆ ನಾನು ಹೇಳಿದ್ದೇ ಸರಿ ಅಂತಾಯ್ತು 😎

ತಂಗಿ: ಅರ್ಧ ಸರಿ ಚಿಕ್ಕಪ್ಪ. ಬ್ಲೇಡ್ ಓರೆಯಾಗಿ ಮಲಗಿಸಿ ತಳ್ಳಬೇಕು, ಮೂಲೆ ತಾಗಬಾರ್ದು, ನೀವು ನೆಟ್ಟಗೆ ಹಿಡಿದು ಗೀಚೋದು ನಾನೇ ನೋಡಿದೀನಿ. ಮತ್ತೆ ಮಿಕ್ಕಿದ್ದೆಲ್ಲ ಆರಿದ ಮೇಲೆ ಸರಿ, ಆದ್ರೆ ಸಕ್ಕರೆ ಪಾಕ ಉಕ್ಕಿದ್ರೆ ಮಾತ್ರ ಕಾಯೋ ಹಾಗಿಲ್ಲ, ಒಲೆ ಆಫ್ ಮಾಡಿ ಬಿಸಿ ಇರುವಾಗ್ಲೇ ಉದ್ದ ಹಿಡಿ ಸ್ಕ್ರೇಪರಲ್ಲಿ ತೆಗೀಬೇಕು, ಇಲ್ಲಾಂದ್ರೆ ಅದು ಆರ್ತಾ ಗಟ್ಟಿಯಾಗಿ ಗಾಜಿನ ಮೇಲ್ಪದರಾನೇ ಕಿತ್ಕೊಂಡು ಬರುತ್ತೆ, ಸಣ್ಣ ಸಣ್ಣ ಗುಳಿ ಬಿದ್ದು ಹಾಗೇ ಉಳಿಯುತ್ತೆ

ಚಿಕ್ಕಮ್ಮ: ಕೇಳಿಸ್ತೇನ್ರೀ

ದೊಡ್ಡಮ್ಮ: ನನ್ನ ಒಲೆಗೆ ಏನ್ ಹಾಕ್ಲಿ ಅದು ಹೇಳ್ರೋ. ಸೋಡಾಗೆ ವಿನೆಗರ್ ಬೆರೆಸಿ ಅಂತಾನೂ ಇತ್ತು

ತಂಗಿ: ಬೆರೆಸಿದ್ರೆ ಬುಸ್ ಅಂತ ನೊರೆ ಬರುತ್ತೆ ಅಷ್ಟೇ, ಒಂದಕ್ಕೊಂದು ಹೊಡ್ಕೊಂಡು ಎರಡರ ಶಕ್ತೀನೂ ಹೋಯ್ತು. ಬರೀ ಅಡುಗೆ ಸೋಡಾ ನೀರಲ್ಲಿ ಕಲಸಿ ಕರಕಲಿಗೆ ಮೆತ್ತಿ ಮೇಲೆ ಒದ್ದೆ ಬಟ್ಟೆ ಹಾಕಿ ಕಾಲು ಗಂಟೆ ಬಿಡಿ, ಮೆತ್ತಗಾಗುತ್ತೆ. ವಿನೆಗರ್ ಆಮೇಲೆ ಬಿಳಿ ನೀರಿನ ಕಲೆಗೆ ಬೇರೆಯಾಗಿ. ಒಲೆ ಪೂರ್ತಿ ಆರಿರ್ಬೇಕು

ಅತ್ತಿಗೆ: ಪುಸ್ತಕದಲ್ಲಿ ಸೋಡಾ ವಿಷ್ಯ ಇಲ್ಲ 🙄

ನಾನು: ಗಾಜು ಅದಕ್ಕಿಂತ ಎಷ್ಟೋ ಗಟ್ಟಿ ಅತ್ತಿಗೆ, ಮರಳಿರೋ ಪೌಡರ್ ಹಾಕಿದ್ರೆ ತಾನೇ ಗೀರು

ದೊಡ್ಡಮ್ಮ: ಮೆತ್ತಿ ಬಂದೆ. ನಾಬ್ ಸಂದಿಗೂ ಹೋಗಿದೆ ಈಗೇನು

ತಂಗಿ: ನಾಬ್ ಮೆಲ್ಲಗೆ ಮೇಲಕ್ಕೆ ಎಳೀರಿ ಈಚೆ ಬರುತ್ತೆ, ಬಟ್ಟೇಲಿ ಒರೆಸಿ, ನೀರು ಮಾತ್ರ ಸುರೀಬೇಡಿ